ಬಾಲ ದೊಡ್ಡದು ಮಾಡಿದರೆ ಅಡ್ಡಗಾಳಿ ಪಳಗುತ್ತಾ? ಟೈಲ್‌ವ್ಹೀಲ್ ವಿಮಾನದವರಿಗೆ ಹಂತ ಹಂತದ ಮಾರ್ಗದರ್ಶಿ

ಮುಂಗಾರು ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. "ಸಾರ್, ಫಿನ್ ಸ್ವಲ್ಪ ದೊಡ್ಡದು ಮಾಡಿಸಿದರೆ ಅಡ್ಡಗಾಳಿಯಲ್ಲಿ ವಿಮಾನ ನೇರ ನಿಲ್ಲುತ್ತೆ ಅಲ್ವಾ?" ಕೇಳುವವರಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಮೂಗುಚಕ್ರದ ಸೆಸ್ನಾ ಹಾರಿಸಲು ಕಲಿತು, ಟೈಲ್‌ವ್ಹೀಲ್ ತರಬೇತಿಗೆ ಹೊರದೇಶಕ್ಕೆ ಹೊರಟವರಿದ್ದಾರೆ. ಹಳೆಯ ವಿಮಾನ ಕೊಳ್ಳುವ ಆಸೆಯವರಿದ್ದಾರೆ. ಮಂಡ್ಯ ಕಡೆ ಮಾದರಿ ವಿಮಾನ ಕಟ್ಟುವ ಹುಡುಗರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ: ಇಲ್ಲ. ಫಿನ್ ಮಾತ್ರ ದೊಡ್ಡದಾದರೆ ನೆಲದ ಮೇಲೆ ಅಡ್ಡಗಾಳಿಗೆ ವಿಮಾನ ಇನ್ನೂ ಜಾಸ್ತಿ ತಿರುಗುತ್ತದೆ. ನಿಮಗೆ ಬೇಕಿರುವುದು ಫಿನ್ ಎಳೆಯುವುದಕ್ಕಿಂತ ಜಾಸ್ತಿ ಬಲದಿಂದ ತಳ್ಳುವ ರಡ್ಡರ್. ಅದಕ್ಕೂ ಮೊದಲು ಬೇಕಿರುವುದು ಸರಿಯಾಗಿ ಕೆಲಸ ಮಾಡುವ ಬಾಲಚಕ್ರ. ಉದ್ದ ಉತ್ತರ ಕೆಳಗಿದೆ.

ಮೊದಲು ನಾಲ್ಕು ಪದ

ಟೈಲ್‌ವ್ಹೀಲ್ ವಿಮಾನ ಅಂದರೆ ಮುಂದೆ ಎರಡು ದೊಡ್ಡ ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ ಇರುವುದು. ನಮ್ಮ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 ಮತ್ತು 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಎರಡೂ ಇದೇ ಜಾತಿ. ಫಿನ್ ಅಂದರೆ ಬಾಲದ ಮೇಲೆ ನೆಟ್ಟಗೆ ನಿಂತ, ಅಲುಗಾಡದ ಹಲಗೆ. ರಡ್ಡರ್ ಅಂದರೆ ಅದರ ಹಿಂಬದಿಗೆ ಕೀಲಿನಲ್ಲಿ ಕೂರಿಸಿದ, ಪೆಡಲ್ ಒತ್ತಿದರೆ ಎಡಕ್ಕೂ ಬಲಕ್ಕೂ ತಿರುಗುವ ಭಾಗ. ಗ್ರೌಂಡ್ ಲೂಪ್ ಅಂದರೆ ನೆಲದ ಮೇಲೆ ಓಡುತ್ತಿರುವ ವಿಮಾನ ಗಿರಕ್ಕನೆ ತಿರುಗಿಬಿಡುವುದು. ಹೊರಬದಿಯ ರೆಕ್ಕೆ ನೆಲಕ್ಕೆ ಬಡಿಯುತ್ತದೆ, ಕೆಲವೊಮ್ಮೆ ಚಕ್ರದ ಕಾಲೇ ಮುರಿಯುತ್ತದೆ.

ಹೀಗೇಕಾಗುತ್ತದೆ ಅಂದರೆ, ಈ ವಿಮಾನಗಳ ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇರುತ್ತದೆ. ಕಬ್ಬು ತುಂಬಿದ ಟ್ರೇಲರ್ ಅನ್ನು ರಿವರ್ಸ್ ತೆಗೆದವರಿಗೆ ಇದು ಬೇಗ ಅರ್ಥವಾಗುತ್ತದೆ: ಸ್ವಲ್ಪ ವಾಲಿದಾಗಲೇ ಹಿಡಿಯಬೇಕು, ಬಿಟ್ಟರೆ ವಾಲುವುದು ತಾನಾಗಿಯೇ ಬೆಳೆಯುತ್ತದೆ. ಇದರ ಜೊತೆಗೆ ಅಡ್ಡಗಾಳಿ. ಮುಖ್ಯ ಚಕ್ರಗಳ ಹಿಂದಿರುವ ಬದಿಯ ಮೈ, ಮುಂದಿರುವುದಕ್ಕಿಂತ ತುಂಬಾ ಜಾಸ್ತಿ. ಗಾಳಿ ಬಾಲವನ್ನು ತಳ್ಳುತ್ತದೆ, ಮೂಗು ಗಾಳಿಯ ಕಡೆ ತಿರುಗುತ್ತದೆ. ಇದನ್ನು ವೆದರ್‌ಕಾಕಿಂಗ್ ಅನ್ನುತ್ತಾರೆ. ಫಿನ್ ದೊಡ್ಡದು ಮಾಡುವುದು ಅಂದರೆ ಆ ಹಿಂದಿನ ಮೈಯನ್ನೇ, ಅದೂ ಅತಿ ದೂರದ ತುದಿಯಲ್ಲಿ, ಜಾಸ್ತಿ ಮಾಡುವುದು.

ಏನೇನು ಬೇಕು

ವಿಮಾನದ ನಿರ್ವಹಣಾ ಕೈಪಿಡಿ, ಇತ್ತೀಚಿನ ತೂಕದ ಹಾಳೆ, ಕೋನ ಅಳೆಯುವ ಡಿಜಿಟಲ್ ಮಟ್ಟಗೋಲು, ಕೇಬಲ್ ಬಿಗಿತ ಅಳೆಯುವ ಸಾಧನ, ಗಾರೆಯವರ ತೂಗುಗುಂಡು, ಟೇಪು, ಒಂದು ನೋಟ್‌ಬುಕ್ಕು. ಜೊತೆಗೆ ಪರವಾನಗಿ ಇರುವ ವಿಮಾನ ನಿರ್ವಹಣಾ ಎಂಜಿನಿಯರ್ ಒಬ್ಬರು. ಅವರಿಲ್ಲದೆ 3ನೇ ಹಂತದಿಂದ ಮುಂದೆ ಒಂದು ಸ್ಕ್ರೂ ಕೂಡ ಮುಟ್ಟಬೇಡಿ. ಟೈಲ್‌ವ್ಹೀಲ್ ಅನುಭವವಿರುವ ಬೋಧಕರೂ ಬೇಕು, ಅವರ ಕೆಲಸ ಕೊನೆಯಲ್ಲಿ ಬರುತ್ತದೆ.

ಹಂತ 1: ತೊಂದರೆ ಯಾವ ಕ್ಷಣದಲ್ಲಿ ಅಂತ ಬರೆದುಕೊಳ್ಳಿ

"ಅಡ್ಡಗಾಳಿಯಲ್ಲಿ ಕಷ್ಟ" ಅಂದರೆ ಏನೂ ಹೇಳಿದಂತಾಗಲಿಲ್ಲ. ಇಳಿಯುವ ಮುನ್ನ ಮೂಗನ್ನು ರನ್‌ವೇಗೆ ನೇರ ಮಾಡಲು ಹೋದಾಗ ಪೆಡಲ್ ಪೂರ್ತಿ ತಳಕ್ಕೆ ಹೋಗಿ ಇನ್ನೂ ಸಾಲದು ಅನ್ನಿಸಿದರೆ, ಅದು ರಡ್ಡರ್ ಬಲದ ಕೊರತೆ. ಚಕ್ರ ನೆಲಕ್ಕೆ ತಾಗಿದ ಕೂಡಲೇ ಒಂದು ಕಡೆ ಜಿಗಿದರೆ ಬಾಲಚಕ್ರದ ಅಥವಾ ಮುಖ್ಯ ಚಕ್ರಗಳ ನೇರದಲ್ಲಿ ಅನುಮಾನ. ಚೆನ್ನಾಗಿ ಇಳಿದು, ವೇಗ ಇಳಿಯುತ್ತಾ ಬಂದಾಗ, ಇನ್ನೇನು ಮುಗಿಯಿತು ಅನ್ನುವ ಹೊತ್ತಿಗೆ ತಿರುಗಿಕೊಂಡರೆ ಅದು ಬಾಲಚಕ್ರ, ಬ್ರೇಕು ಮತ್ತು ನಿಮ್ಮ ಕಾಲು, ಈ ಮೂರರ ವಿಷಯ. ರಡ್ಡರ್‌ಗೆ ಅಲ್ಲಿ ಪಾತ್ರ ಕಡಿಮೆ.

ಏಕೆ ಕಡಿಮೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ನೇರ ಅಡ್ಡಗಾಳಿ 10 ನಾಟ್, ವಿಮಾನದ ವೇಗ 40 ನಾಟ್ ಅಂದುಕೊಳ್ಳಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಮೂಗು ರನ್‌ವೇಗೆ ನೇರವಿದ್ದರೆ ಗಾಳಿ ಮೈಗೆ 14 ಡಿಗ್ರಿ ಓರೆಯಾಗಿ ಬಡಿಯುತ್ತದೆ. ವೇಗ 20 ನಾಟ್‌ಗೆ ಇಳಿದರೆ ಆ ಓರೆ 26 ಡಿಗ್ರಿ ದಾಟುತ್ತದೆ. ರಡ್ಡರ್ ಬಲ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಅದು ಹೆಚ್ಚುಕಡಿಮೆ ಕಾಲುಭಾಗಕ್ಕೆ ಬಂದಿರುತ್ತದೆ. ಆದರೆ ಗಾಳಿ ಬಾಲವನ್ನು ತಳ್ಳುವ ಬಲ, ಓರೆ ಜಾಸ್ತಿಯಾದ ಕಾರಣ, ಅರ್ಧಕ್ಕೆ ಮಾತ್ರ ಇಳಿದಿರುತ್ತದೆ. ಅಂದರೆ ವಿಮಾನ ನಿಧಾನವಾದಷ್ಟೂ ಗಾಳಿಯ ಕೈ ಮೇಲಾಗುತ್ತದೆ. ಎಂಜಿನ್ ಐಡಲ್‌ನಲ್ಲಿರುವುದರಿಂದ ಪ್ರೊಪೆಲರ್ ಗಾಳಿಯ ಸಹಾಯವೂ ರಡ್ಡರ್‌ಗೆ ಸಿಗುವುದಿಲ್ಲ. ಯಾವ ಬಾಲ ಹಾಕಿದರೂ ಈ ಲೆಕ್ಕ ಪೂರ್ತಿ ತಪ್ಪುವುದಿಲ್ಲ.

ಹಂತ 2: ನಿಮ್ಮ ರನ್‌ವೇ, ನಿಮ್ಮ ಗಾಳಿ

ಮಂಡಕಳ್ಳಿಯ ರನ್‌ವೇ 09/27. ಅಂದರೆ ಪೂರ್ವ-ಪಶ್ಚಿಮ: 09 ಅಂದರೆ 90 ಡಿಗ್ರಿ ದಿಕ್ಕಿಗೆ, 27 ಅಂದರೆ 270 ಡಿಗ್ರಿ ದಿಕ್ಕಿಗೆ ಮುಖ ಮಾಡಿ ಇಳಿಯುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ-ನೈಋತ್ಯದಿಂದ. ಹಾಗಾಗಿ 27ರಲ್ಲಿ ಇಳಿಯುವಾಗ ಗಾಳಿ ಹೆಚ್ಚಾಗಿ ಎದುರು-ಎಡದಿಂದ ಬರುತ್ತದೆ. ಗಾಳಿ 240 ಡಿಗ್ರಿಯಿಂದ 16 ನಾಟ್ ಅಂದರೆ ರನ್‌ವೇಗೂ ಗಾಳಿಗೂ 30 ಡಿಗ್ರಿ ವ್ಯತ್ಯಾಸ, ಅದರ ಅರ್ಧ, 8 ನಾಟ್, ಅಡ್ಡಗಾಳಿ. 45 ಡಿಗ್ರಿ ಇದ್ದರೆ ಹತ್ತಕ್ಕೆ ಏಳು ಪಾಲು, 60 ದಾಟಿದರೆ ಬಹುತೇಕ ಪೂರ್ತಿ ಅಂತಲೇ ಹಿಡಿಯಿರಿ. ಮಳೆಗಾಲ ಕಳೆದು ಈಶಾನ್ಯದ ಗಾಳಿ ಶುರುವಾದಾಗ ಲೆಕ್ಕ ತಿರುಗುತ್ತದೆ. ಚಾಮುಂಡಿ ಬೆಟ್ಟ ರನ್‌ವೇಯ ಉತ್ತರದ ಕಡೆ ಇರುವುದರಿಂದ ಆ ದಿಕ್ಕಿನ ಗಾಳಿ ಒಂದೇ ಸಮ ಬರುತ್ತದೆ ಅಂತ ನಂಬಬೇಡಿ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,350 ಅಡಿ ಮೇಲಿದೆ. ಏಪ್ರಿಲ್‌ನ 34 ಡಿಗ್ರಿ ಮಧ್ಯಾಹ್ನ ಅಲ್ಲಿನ ಗಾಳಿ, 5,000 ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ವೇಗಮಾಪಕ ಅದೇ ಅಂಕಿ ತೋರಿಸಿದರೂ ನೆಲದ ಮೇಲಿನ ನಿಜವಾದ ವೇಗ ಸುಮಾರು 8% ಜಾಸ್ತಿ. ಗ್ರೌಂಡ್ ಲೂಪ್ ಆದರೆ ಅದರ ಹಿಂದಿನ ಶಕ್ತಿ 16-17% ಜಾಸ್ತಿ. ಕಡಲತೀರದ ಊರಿನಲ್ಲಿ ಹಾರಿಸುವವರು ಬರೆದ ಅನುಭವವನ್ನು ಹಾಗೇ ಇಲ್ಲಿಗೆ ತರಬೇಡಿ ಅನ್ನುವುದು ಇದಕ್ಕೇ.

ಕೈಪಿಡಿಯಲ್ಲಿ "ತೋರಿಸಲಾದ ಅಡ್ಡಗಾಳಿ" ಅಂತ, ಅಂದರೆ ಪರೀಕ್ಷೆಯಲ್ಲಿ ನಿಭಾಯಿಸಿ ತೋರಿಸಿದ ಅಡ್ಡಗಾಳಿ ಅಂತ, ಒಂದು ಅಂಕಿ ಇರುತ್ತದೆ. ಅಮೆರಿಕದ ಹಳೆಯ ಲಘು ವಿಮಾನ ನಿಯಮದ ಪ್ರಕಾರ ಇದು ಇಳಿಯುವ ಸ್ಥಿತಿಯ ಸ್ಟಾಲ್ ವೇಗದ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ವೇಗದ, ಐದನೇ ಒಂದು ಪಾಲಿಗಿಂತ ಕಡಿಮೆ ಇರಬಾರದು. ಸ್ಟಾಲ್ 40 ನಾಟ್ ಇದ್ದರೆ 8 ನಾಟ್. ಬಾಲ ಬದಲಿಸಿದ ಮಾತ್ರಕ್ಕೆ ಈ ಅಂಕಿ ಏರುವುದಿಲ್ಲ. ಹೊಸದಾಗಿ ಪರೀಕ್ಷಿಸಿ ಒಪ್ಪಿಗೆ ಪಡೆದರೆ ಮಾತ್ರ ಏರುತ್ತದೆ.

ಹಂತ 3: ಇರುವ ಬಾಲವನ್ನು ಮೊದಲು ಸರಿ ಮಾಡಿ

ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ. ನನ್ನನ್ನು ಕೇಳಿದರೆ, ಬಾಲ ಬದಲಿಸಬೇಕು ಅಂತ ಬಂದವರಲ್ಲಿ ಬಹಳಷ್ಟು ಜನರ ಕೆಲಸ ಈ ಹಂತದಲ್ಲೇ ಮುಗಿಯಬೇಕು.

ಮೊದಲು ರಡ್ಡರ್ ಎಷ್ಟು ತಿರುಗುತ್ತದೆ ಅಳೆಯಿರಿ. ಲಘು ವಿಮಾನಗಳಲ್ಲಿ ಸಾಮಾನ್ಯವಾಗಿ ಪ್ರತಿ ಬದಿಗೆ 25ರಿಂದ 30 ಡಿಗ್ರಿ, ನಿಖರ ಅಂಕಿ ನಿಮ್ಮ ಕೈಪಿಡಿಯಲ್ಲಿದೆ. ರಡ್ಡರ್ ಅನ್ನು ಕೈಯಲ್ಲಿ ತಿರುಗಿಸಿ ಅಳೆಯಬೇಡಿ. ಒಳಗೊಬ್ಬರು ಕೂತು ಪೆಡಲ್ ಒತ್ತಲಿ, ನೀವು ಹಿಂದೆ ನಿಂತು ಅಳೆಯಿರಿ. ಕೇಬಲ್ ಸಡಿಲವಿದ್ದರೆ ಪೆಡಲ್ ತಳ ಮುಟ್ಟಿದರೂ ರಡ್ಡರ್ ಅದರ ತಡೆಗೂಟ ಮುಟ್ಟಿರುವುದಿಲ್ಲ. 28 ಸಿಗಬೇಕಾದ ಕಡೆ 22 ಸಿಗುತ್ತಿದ್ದರೆ ನಿಮಗೆ ಹೊಸ ಬಾಲ ಬೇಡ, ಇರುವ ಬಾಲವೇ ಪೂರ್ತಿ ಸಿಗಬೇಕು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳೆಯಿರಿ.

ಆಮೇಲೆ ಬಾಲಚಕ್ರದ ಕೀಲುಗೂಟ. ಚಕ್ರ ಎಡ-ಬಲ ತಿರುಗುವುದು ಈ ಗೂಟದ ಸುತ್ತ. ವಿಮಾನದಲ್ಲಿ ಇಬ್ಬರು ಕೂತು, ಇಂಧನ ತುಂಬಿ, ಬಾಲದ ಮೇಲೆ ನಿಜವಾದ ಭಾರ ಬಿದ್ದಾಗ ಪಕ್ಕದಲ್ಲಿ ತೂಗುಗುಂಡು ಇಳಿಬಿಟ್ಟು ನೋಡಿ. ಗೂಟ ನೆಟ್ಟಗಿರಬೇಕು, ಇಲ್ಲವೇ ಅದರ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಬಾಲದ ಪಟ್ಟಿ ಸ್ಪ್ರಿಂಗ್ ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾದಾಗ ಗೂಟದ ತಲೆ ಮುಂದಕ್ಕೆ ವಾಲುತ್ತದೆ. ಆಗ ಚಕ್ರ ನೆಲ ಮುಟ್ಟಿದ ಕೂಡಲೇ ಗಡಗಡ ನಡುಗಲು ಶುರುವಾಗುತ್ತದೆ, ಇದಕ್ಕೆ ಶಿಮ್ಮಿ ಅನ್ನುತ್ತಾರೆ. ನಡುಗುವ ಚಕ್ರ ದಾರಿ ಹಿಡಿಯುವುದಿಲ್ಲ. ಓದುಗರೊಬ್ಬರು ಫೋಟೊ ಕಳಿಸಿ "ದೊಡ್ಡ ರಡ್ಡರ್ ಎಲ್ಲಿ ಸಿಗುತ್ತೆ" ಅಂತ ಕೇಳಿದ್ದರು. ಫೋಟೊದಲ್ಲಿ ಕಂಡದ್ದು ಮುಂದಕ್ಕೆ ಬಾಗಿದ ಗೂಟ, ಒಂದು ಬದಿ ಮಾತ್ರ ಸವೆದ ಟೈರು, ಮತ್ತು ಒಂದು ಕಡೆ ಜೋತುಬಿದ್ದ ಸರಪಳಿ. ಸ್ಪ್ರಿಂಗ್ ಬದಲಿಸಿ ಅಂದೆ.

ಆ ಸರಪಳಿ, ಸ್ಪ್ರಿಂಗುಗಳೇ ಮುಂದಿನದು. ರಡ್ಡರ್‌ನಿಂದ ಬಾಲಚಕ್ರಕ್ಕೆ ಎರಡು ಕಡೆ ಸ್ಪ್ರಿಂಗ್ ಸಂಪರ್ಕ ಇರುತ್ತದೆ. ಒಂದು ಮಿತಿವರೆಗೆ ಚಕ್ರ ಪೆಡಲ್ ಮಾತು ಕೇಳುತ್ತದೆ, ಮಿತಿ ದಾಟಿದರೆ ಹಿಡಿತ ಬಿಟ್ಟು ಸುತ್ತಲೂ ತಿರುಗುತ್ತದೆ. ತುಂಬಾ ಸಡಿಲವಿದ್ದರೆ ನೀವು ಪೆಡಲ್ ಒತ್ತಿ, ಕಾದು, ಮತ್ತೆ ಒತ್ತುವಷ್ಟರಲ್ಲಿ ವಿಮಾನ ವಾಲಿರುತ್ತದೆ. ತುಂಬಾ ಬಿಗಿಯಾಗಿದ್ದರೆ ಕಾಲು ಅಲುಗಿದರೂ ಚಕ್ರ ಚುರುಕಾಗಿ ತಿರುಗಿ ಅಂಕುಡೊಂಕಾಗಿ ಓಡುತ್ತದೆ. ಎರಡು ಬದಿಯ ಬಿಗಿತವೂ ಒಂದೇ ಇರಬೇಕು. ಒಳಗಿನ ಹಿಡಿತದ ಹಲ್ಲು ಸವೆದಿದ್ದರೆ ಚಕ್ರ ಬೇಗನೆ ಹಿಡಿತ ಬಿಡುತ್ತದೆ, ಅದೂ ಜಾಸ್ತಿ ಬೇಕಾದಾಗಲೇ.

ಕೊನೆಗೆ ಮುಖ್ಯ ಚಕ್ರಗಳ ನೇರ, ಎರಡೂ ಟೈರಿನ ಗಾಳಿ, ಎರಡೂ ಬ್ರೇಕಿನ ಹಿಡಿತ. ಇದಕ್ಕೆ ವಿವರಣೆ ಬೇಡ.

ಹಂತ 4: ಯಾವ ಬದಲಾವಣೆ ಏನು ಮಾಡುತ್ತದೆ

ಇಷ್ಟೆಲ್ಲ ಆದ ಮೇಲೂ ಇಳಿಯುವಾಗ ಪೆಡಲ್ ಸಾಲದಿದ್ದರೆ ಮಾತ್ರ ಮುಂದೆ ಓದಿ.

ಒಂದು ಸೂತ್ರ ತಲೆಯಲ್ಲಿಟ್ಟುಕೊಳ್ಳಿ. ಮೂಗು ನೇರ ಇಡಲು ಬೇಕಾಗುವ ರಡ್ಡರ್ ಕೋನ, ಫಿನ್‌ನ ಎಳೆತವನ್ನು ರಡ್ಡರ್‌ನ ತಳ್ಳುವ ಬಲದಿಂದ ಭಾಗಿಸಿದಷ್ಟು. ಮೇಲಿನ ಅಂಕಿ ದೊಡ್ಡದಾದರೆ ಪೆಡಲ್ ಜಾಸ್ತಿ ಬೇಕು, ಕೆಳಗಿನದು ದೊಡ್ಡದಾದರೆ ಕಡಿಮೆ ಸಾಕು. ಯಾರು ಯಾವ ಬದಲಾವಣೆ ಮಾರಲು ಬಂದರೂ ಇದು ಮೇಲಿನದನ್ನು ಬೆಳೆಸುತ್ತಾ ಕೆಳಗಿನದನ್ನು ಬೆಳೆಸುತ್ತಾ ಅಂತ ಕೇಳಿ.

ಫಿನ್ ದೊಡ್ಡದು ಮಾಡುವುದು: ಮೇಲಿನದು ಬೆಳೆಯುತ್ತದೆ. ಆಕಾಶದಲ್ಲಿ ವಿಮಾನ ನೇರ ನಿಲ್ಲುತ್ತದೆ ನಿಜ, ದೂರದ ಪ್ರಯಾಣದಲ್ಲಿ ಕಾಲಿಗೆ ಆರಾಮ. ಹಾಗಾಗಿಯೇ ಜನ ಮೋಸ ಹೋಗುವುದು. ಮೇಲೆ ಒಳ್ಳೆಯದಾದದ್ದು ಕೆಳಗೆ ಅಡ್ಡಗಾಳಿಯಲ್ಲಿ ತಿರುಗುಬಾಣ.

ಡಾರ್ಸಲ್ ಮತ್ತು ವೆಂಟ್ರಲ್ ಫಿನ್: ಡಾರ್ಸಲ್ ಅಂದರೆ ಫಿನ್‌ನ ಮುಂದೆ ಬೆನ್ನಿನ ಮೇಲೆ ಓರೆಯಾಗಿ ಇಳಿಯುವ ಹಲಗೆ, ವೆಂಟ್ರಲ್ ಅಂದರೆ ಬಾಲದ ಹೊಟ್ಟೆಯಡಿಯದು. ಸೆಸ್ನಾ 180ರ ಪಕ್ಕ 185 ನಿಲ್ಲಿಸಿದರೆ 185ರ ಬೆನ್ನಿನ ಹಲಗೆ ಎದ್ದು ಕಾಣುತ್ತದೆ. ಡಾರ್ಸಲ್‌ನ ಮುಖ್ಯ ಕೆಲಸ ಗಾಳಿ ತುಂಬಾ ಓರೆಯಾದಾಗ ಫಿನ್ ಸ್ಟಾಲ್ ಆಗದಂತೆ ಕಾಯುವುದು. ಸಣ್ಣ ಓರೆಯಲ್ಲಿ ಅದರ ಪರಿಣಾಮ ಅಷ್ಟೇನಿಲ್ಲ. ವೆಂಟ್ರಲ್ ಫಿನ್ ಹೆಚ್ಚಾಗಿ ಕಾಣುವುದು ನೀರಿನ ಮೇಲೆ ಇಳಿಯುವ ತೆಪ್ಪ ಕಟ್ಟಿದ ವಿಮಾನಗಳಲ್ಲಿ. ತೆಪ್ಪದ ಮೈ ಮುಂದೆ ಜಾಸ್ತಿ ಆಗುವುದರಿಂದ ಹಿಂದೆಯೂ ಸರಿದೂಗಿಸಬೇಕು. ತೆಪ್ಪ ಬಿಚ್ಚಿ ಚಕ್ರ ಹಾಕಿದ ಮೇಲೂ ಅದನ್ನು ಹಾಗೇ ಬಿಟ್ಟಿದ್ದರೆ, ನಿಮ್ಮ ಅಡ್ಡಗಾಳಿ ಕಷ್ಟದ ಒಂದು ಪಾಲು ಅಲ್ಲೇ ಇದೆ. ಆದರೆ ತೆಗೆಯಬಹುದೇ ಅನ್ನುವುದನ್ನು ಒಪ್ಪಿಗೆ ಪತ್ರ ಹೇಳಬೇಕು, ನೀವಲ್ಲ.

ಬಾಲದ ಬದಿಯಲ್ಲಿ ಉದ್ದಕ್ಕೆ ಅಂಟಿಸಿದ ಪಟ್ಟಿಗಳು: ಹಳೆಯ ಟೈಗರ್ ಮಾತ್, ಚಿಪ್‌ಮಂಕ್ ಫೋಟೊಗಳಲ್ಲಿ ಅಡ್ಡಬಾಲದ ಮುಂದೆ ಇವು ಕಾಣುತ್ತವೆ. ಇವು ಅಡ್ಡಗಾಳಿಗಲ್ಲ, ಸ್ಪಿನ್‌ಗೆ, ಅಂದರೆ ಗಿರಕಿ ಹೊಡೆಯುತ್ತಾ ಕೆಳಗಿಳಿಯುವುದರಿಂದ ಹೊರಬರುವುದಕ್ಕೆ. ನೋಡಿ ನಕಲು ಮಾಡಬೇಡಿ. ಟೈಗರ್ ಮಾತ್‌ಗೆ ಬ್ರೇಕೂ ಇರಲಿಲ್ಲ, ಬಾಲಚಕ್ರವೂ ಇರಲಿಲ್ಲ, ನೆಲ ಕೆರೆಯುವ ಒಂದು ಕಂಬಿ ಅಷ್ಟೇ. ಆಗ ಹುಲ್ಲಿನ ಬಯಲಿನಲ್ಲಿ ಗಾಳಿ ಯಾವ ಕಡೆಯಿಂದ ಬಂದರೆ ಆ ಕಡೆಗೇ ಇಳಿಯುತ್ತಿದ್ದರು. ಒಂದೇ ಡಾಂಬರು ರನ್‌ವೇ ನಮ್ಮ ಕಾಲದ ತಾಪತ್ರಯ.

ರಡ್ಡರ್ ಅಗಲ ಮಾಡುವುದು: ಕೆಳಗಿನ ಅಂಕಿ ಬೆಳೆಯುತ್ತದೆ. ಒಟ್ಟು ಬಾಲದ ಅಳತೆ ಹಾಗೇ ಉಳಿದು, ಕೀಲಿನ ಗೆರೆ ಮುಂದಕ್ಕೆ ಬಂದು, ಫಿನ್ ಕಿರಿದಾಗಿ ರಡ್ಡರ್ ಅಗಲವಾದರೆ ಅಡ್ಡಗಾಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅತಿಯಾಸೆ ಬೇಡ. ಬಾಲದ ಅಗಲದಲ್ಲಿ ರಡ್ಡರ್ ಪಾಲನ್ನು 30%ರಿಂದ 50%ಕ್ಕೆ ಏರಿಸಿದರೆ, ಸರಳ ಸಿದ್ಧಾಂತದ ಲೆಕ್ಕದಲ್ಲಿ ಸಿಗುವ ಹೆಚ್ಚುವರಿ ಬಲ ಸುಮಾರು ಕಾಲುಭಾಗ ಮಾತ್ರ. ಪೆಡಲ್ ಮೇಲಿನ ಭಾರ ಮಾತ್ರ ಅಗಲದ ವರ್ಗದಂತೆ ಏರುತ್ತದೆ, ಅಂದರೆ ಎರಡೂವರೆ ಪಟ್ಟಿಗೂ ಜಾಸ್ತಿ. ಕಾಲು ಸೋಲುತ್ತದೆ.

ಆ ಭಾರ ಇಳಿಸಲು ರಡ್ಡರ್ ತುದಿಯಲ್ಲಿ ಕೀಲಿಗಿಂತ ಮುಂದಕ್ಕೆ ಚಾಚಿದ ಕೊಂಬು ಇಡುತ್ತಾರೆ, ಹಾರ್ನ್ ಬ್ಯಾಲೆನ್ಸ್ ಅಂತ. ಕೊಂಬು ಹದದಲ್ಲಿದ್ದರೆ ವರ. ಜಾಸ್ತಿಯಾದರೆ ದೊಡ್ಡ ಓರೆಯಲ್ಲಿ ರಡ್ಡರ್ ತಾನಾಗಿಯೇ ಪೂರ್ತಿ ತಿರುಗಿ ಅಲ್ಲೇ ಕೂತುಬಿಡುತ್ತದೆ, ಕಾಲಿನಿಂದ ವಾಪಸ್ ತರುವುದು ಕಷ್ಟ. ಇದನ್ನು ರಡ್ಡರ್ ಲಾಕ್ ಅನ್ನುತ್ತಾರೆ. ರಡ್ಡರ್ ತೂಕ ಬದಲಾದರೆ ಫ್ಲಟರ್ ಅನ್ನುವ ಇನ್ನೊಂದು ಭೂತ ಇದೆ: ವೇಗದಲ್ಲಿ ರಡ್ಡರ್ ಪಟಪಟ ಬಡಿದುಕೊಂಡು ಕ್ಷಣಗಳಲ್ಲಿ ಬಾಲವನ್ನೇ ಕಿತ್ತುಹಾಕಬಹುದು. ರಡ್ಡರ್‌ಗೆ ಒಂದು ಪದರ ಬಣ್ಣ ಜಾಸ್ತಿ ಬಳಿದರೂ ಸಮತೋಲನ ಮತ್ತೆ ನೋಡಬೇಕು ಅನ್ನುವುದು ಈ ಕಾರಣಕ್ಕೇ.

ರಡ್ಡರ್ ಜಾಸ್ತಿ ತಿರುಗುವಂತೆ ಮಾಡುವುದು: ಸುಲಭ ಅಂತ ಕಾಣುತ್ತದೆ, ತಡೆಗೂಟ ಸ್ವಲ್ಪ ಅರೆದರೆ ಆಯಿತು ಅಂತ. ಸುಮ್ನೆ ಮಾಡಬೇಡಿ. 20 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸಿಗುವ ಬಲ ಇಳಿಯುತ್ತಾ ಹೋಗುತ್ತದೆ, 30ರ ಆಚೆ ಗಾಳಿ ರಡ್ಡರ್ ಮೈ ಬಿಟ್ಟು ಹರಿಯುತ್ತದೆ. ಜೊತೆಗೆ ಎಲಿವೇಟರ್‌ಗೆ, ಅಂದರೆ ಅಡ್ಡಬಾಲದ ಮೇಲೆ-ಕೆಳಗೆ ಅಲುಗುವ ಭಾಗಕ್ಕೆ, ರಡ್ಡರ್ ತಗಲುವ ಅಪಾಯ.

ಸಂದು ಮುಚ್ಚುವ ಪಟ್ಟಿ: ಫಿನ್ ಮತ್ತು ರಡ್ಡರ್ ನಡುವಿನ ಸಂದಿನಲ್ಲಿ ಒತ್ತಡ ಒಂದು ಬದಿಯಿಂದ ಇನ್ನೊಂದು ಬದಿಗೆ ಸೋರಿಹೋಗುತ್ತದೆ. ಅದನ್ನು ಮುಚ್ಚಿದರೆ ಅದೇ ರಡ್ಡರ್ ಜಾಸ್ತಿ ಬಲ ಕೊಡುತ್ತದೆ, ತೂಕವೂ ಏರುವುದಿಲ್ಲ. ಮೊದಲು ಯೋಚಿಸಬೇಕಾದದ್ದು ಇದನ್ನೇ ಅನ್ನುತ್ತೇನೆ. ಪಟ್ಟಿ ಸುಕ್ಕಾಗಿ ಪೂರ್ತಿ ತಿರುಗಿದಾಗ ಸಿಕ್ಕಿಕೊಳ್ಳಬಾರದು, ಒಳಗೆ ಮಳೆನೀರು ನಿಲ್ಲಬಾರದು. ಇದಕ್ಕೂ ಒಪ್ಪಿಗೆ ಬೇಕು.

ವೋರ್ಟೆಕ್ಸ್ ಜನರೇಟರ್: ಫಿನ್ ಮೇಲೆ ಸಾಲಾಗಿ ಅಂಟಿಸುವ ಬೆರಳುಗುರಿನಷ್ಟು ಪುಟ್ಟ ಹಲಗೆಗಳು. ರಡ್ಡರ್ ಪೂರ್ತಿ ತಿರುಗಿದಾಗ ಗಾಳಿ ಮೈ ಬಿಡುವುದನ್ನು ತಡಮಾಡುತ್ತವೆ. ಒಂದು ತೊಡಕಿದೆ: ಇಂಥ ಕಿಟ್‌ಗಳು ಹೆಚ್ಚಾಗಿ ರೆಕ್ಕೆಗೂ ಸೇರಿ ಬರುತ್ತವೆ. ರೆಕ್ಕೆಯ ಸ್ಟಾಲ್ ವೇಗ ಇಳಿದದ್ದಕ್ಕೆ ನೀವೂ ಇನ್ನಷ್ಟು ನಿಧಾನ ಇಳಿಯಲು ಹೋದರೆ, ಅಡ್ಡಗಾಳಿಯ ಓರೆ ಜಾಸ್ತಿಯಾಗಿ ರಡ್ಡರ್‌ನಲ್ಲಿ ಗಳಿಸಿದ್ದು ಅಲ್ಲೇ ಹೋಗುತ್ತದೆ.

ಬಾಲಚಕ್ರ ಬದಲಿಸುವುದು: ದೊಡ್ಡ ಚಕ್ರ ಒರಟು ನೆಲಕ್ಕೆ ಒಳ್ಳೆಯದು, ಡಾಂಬರಿನ ಮೇಲೆ ತೂಕ ಬಿಟ್ಟರೆ ಹೆಚ್ಚೇನೂ ಕೊಡುವುದಿಲ್ಲ. ನೇರಕ್ಕೆ ಬೀಗ ಹಾಕುವ ಬಾಲಚಕ್ರ ಅಡ್ಡಗಾಳಿಯಲ್ಲಿ ನಿಜವಾದ ಸಹಾಯ. ಕಾರಣ ಹೀಗಿದೆ. ಎಡಗಾಳಿಯಲ್ಲಿ ಎಡ ರೆಕ್ಕೆ ತಗ್ಗಿಸಿ ಬಲ ಪೆಡಲ್ ಒತ್ತಿ ಇಳಿಯುತ್ತೀರಿ. ಬಲ ಪೆಡಲ್ ಜೊತೆ ಬಾಲಚಕ್ರವೂ ತಿರುಗಿರುತ್ತದೆ. ಅದು ನೆಲ ಮುಟ್ಟಿದ ಕ್ಷಣ ವಿಮಾನ ಬಲಕ್ಕೆ ಒಂದು ಎಳೆತ ಕೊಡುತ್ತದೆ. ಬೀಗ ಹಾಕಿದ ಚಕ್ರ ಹಾಗೆ ಮಾಡುವುದಿಲ್ಲ. ರಡ್ಡರ್ ಬಲ ಜಾಸ್ತಿಯಿದ್ದರೆ ಕಡಿಮೆ ಪೆಡಲ್ ಸಾಕು, ಚಕ್ರವೂ ಕಡಿಮೆ ತಿರುಗಿರುತ್ತದೆ, ಹಾಗಾಗಿ ಅಲ್ಲಿಯೂ ಲಾಭವೇ. ಬೀಗ ಬಿಚ್ಚುವುದನ್ನು ಮರೆತು ಟ್ಯಾಕ್ಸಿವೇಗೆ ತಿರುಗಿಸಲು ಬಲವಂತ ಮಾಡುವುದು ಇಲ್ಲಿನ ಸಾಮಾನ್ಯ ತಪ್ಪು.

ಹಂತ 5: ತೂಕದ ಲೆಕ್ಕ

ಬಾಲದಲ್ಲಿ ಒಂದು ಕಿಲೋ ಅಂದರೆ ಬರೀ ಒಂದು ಕಿಲೋ ಅಲ್ಲ. 500 ಕಿಲೋ ವಿಮಾನಕ್ಕೆ, ತೂಕದ ಕೇಂದ್ರದಿಂದ 4.5 ಮೀಟರ್ ಹಿಂದೆ, 2 ಕಿಲೋ ಸೇರಿಸಿದರೆ ಕೇಂದ್ರ ಸುಮಾರು 18 ಮಿಲಿಮೀಟರ್ ಹಿಂದೆ ಸರಿಯುತ್ತದೆ. ಅದು ಮುಖ್ಯ ಚಕ್ರಗಳಿಂದ ಹಿಂದೆ ಹೋದಷ್ಟೂ ಗ್ರೌಂಡ್ ಲೂಪ್ ಕಡೆಗಿನ ಒಲವು ಜಾಸ್ತಿ. ತುದಿಯ ತೂಕದಿಂದ ತಿರುಗುವ ಜಡತ್ವವೂ ಏರುತ್ತದೆ: ತಿರುಗಲು ಶುರುವಾಗುವುದು ನಿಧಾನ, ನಿಲ್ಲಿಸುವುದೂ ಅಷ್ಟೇ ಕಷ್ಟ. ದೊಡ್ಡ ಬಾಲಚಕ್ರ, ದೊಡ್ಡ ರಡ್ಡರ್, ಅದಕ್ಕೆ ಸಮತೋಲನದ ಸೀಸ, ಎಲ್ಲಾ ಸೇರಿಸಿ ಹಾಳೆಯಲ್ಲಿ ಹಾಕಿ ನೋಡಿ. ಹಿಂಬದಿ ಸೀಟಿನವರು ಮತ್ತು ಸಾಮಾನಿನ ಲೆಕ್ಕವೂ ಸೇರಲಿ.

ಹಂತ 6: ಕಾಗದ ಪತ್ರ

ಪ್ರಮಾಣೀಕೃತ ವಿಮಾನದ ಬಾಲ ಮುಟ್ಟಲು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಒಪ್ಪಿಗೆ ಬೇಕು. ಹೊರದೇಶದ ಕಿಟ್‌ಗೆ ಅಲ್ಲಿನ ಸಪ್ಲಿಮೆಂಟಲ್ ಟೈಪ್ ಸರ್ಟಿಫಿಕೇಟ್, ಅಂದರೆ ಮೂಲ ವಿನ್ಯಾಸಕ್ಕೆ ಮಾಡಿದ ಬದಲಾವಣೆಯ ಮಂಜೂರಾತಿ, ಇದ್ದರೂ ಅದು ಇಲ್ಲಿ ತಾನಾಗಿಯೇ ನಡೆಯುವುದಿಲ್ಲ. ಸರಣಿ ಸಂಖ್ಯೆ ನಿಮ್ಮ ವಿಮಾನಕ್ಕೆ ಹೊಂದುತ್ತದೆಯೇ ನೋಡಿ. ದುಡ್ಡು ಕೊಡುವ ಮೊದಲು ಕೇಳಿ, ಕಿಟ್ ಬಂದ ಮೇಲಲ್ಲ. ಲಾಗ್‌ಬುಕ್ಕಿನಲ್ಲಿ ನಮೂದು, ಮರುತೂಕ, ಹಾರಾಟ ಕೈಪಿಡಿಗೆ ಸೇರ್ಪಡೆ ಹಾಳೆ, ವಿಮಾ ಕಂಪನಿಗೆ ತಿಳಿಸುವುದು, ನಾಲ್ಕೂ ಆಗಬೇಕು.

ಹಂತ 7: ಮಾದರಿಯಲ್ಲಿ ಕಣ್ಣಾರೆ ನೋಡಿ

ನಿಜವಾದ ವಿಮಾನ ಇಲ್ಲದವರಿಗೆ ಇದೇ ಮುಖ್ಯ ಹಂತ, ಇರುವವರಿಗೂ ಕಣ್ಣು ತೆರೆಸುತ್ತದೆ. ಫೋಮ್‌ನಲ್ಲಿ ಪುಷ್ಪಕ್ ಆಕಾರದ ಒಂದು ಮಾದರಿ ಕಟ್ಟಿ. ಬಿಚ್ಚಿ ಹಾಕಬಹುದಾದ ಮೂರು ಬಾಲ ಮಾಡಿಕೊಳ್ಳಿ: ಮೂಲದ್ದು, ಫಿನ್ ಮಾತ್ರ ದೊಡ್ಡದಾದದ್ದು, ಒಟ್ಟು ಅಳತೆ ಅದೇ ಇದ್ದು ರಡ್ಡರ್ ಅಗಲವಾದದ್ದು. ಮೂರರ ತೂಕವೂ ಒಂದೇ ಇರಲಿ, ಹಗುರದ್ದಕ್ಕೆ ಜೇಡಿಮಣ್ಣು ಮೆತ್ತಿ ಸರಿಮಾಡಿ.

ಜಾಗ ಮುಖ್ಯ. ಮಂಡ್ಯ ಕಡೆ ಗಟ್ಟಿಯಾದ ಕಣ ಸಿಕ್ಕರೆ ಸಾಕು. ಗಾಳಿ ಬರುವ ಕಡೆ ನಿಂತ ಕಬ್ಬಿನ ಗದ್ದೆ ಇರಬಾರದು. ಆಳೆತ್ತರಕ್ಕೂ ಮೀರಿದ ಕಬ್ಬಿನ ಹಿಂದೆ ಗಾಳಿ ಸುಳಿಸುಳಿಯಾಗಿ ಬೀಳುತ್ತದೆ, ನಿಮ್ಮ ಪ್ರಯೋಗ ಅಲ್ಲಿಗೆ ಹಾಳು. ಕಟಾವಾದ ಗದ್ದೆಯ ಕಡೆಯಿಂದ ಗಾಳಿ ಬರುವ ಕಣ ಹುಡುಕಿ. ಕೋಲಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿ, ಅದು ಒಂದೇ ಸಮ ಹಾರುವಾಗ ಮಾತ್ರ ಅಳೆಯಿರಿ.

ಮೊದಲು ಮಾದರಿಯನ್ನು ಗಾಳಿಗೆ ಅಡ್ಡಲಾಗಿ ನಿಲ್ಲಿಸಿ, ಬಾಲಚಕ್ರ ಸಡಿಲವಾಗಿರಲಿ, ಕೈ ಬಿಡಿ. ಯಾವ ಬಾಲ ಬೇಗ ಮೂಗನ್ನು ಗಾಳಿಗೆ ತಿರುಗಿಸುತ್ತದೆ ನೋಡಿ. ದೊಡ್ಡ ಫಿನ್‌ನದ್ದು ಎಲ್ಲಕ್ಕಿಂತ ಮೊದಲು ತಿರುಗುತ್ತದೆ. ಆಮೇಲೆ ಎಂಜಿನ್ ಹಾಕಿ ಕಣದ ಉದ್ದಕ್ಕೂ ಓಡಿಸಿ, ನೇರ ಓಡಲು ರಿಮೋಟಿನ ಕಡ್ಡಿ ಎಷ್ಟು ಒತ್ತಬೇಕಾಯಿತು ಬರೆದುಕೊಳ್ಳಿ. ಒಂದು ಎಚ್ಚರಿಕೆ: ಪುಟ್ಟ ಮಾದರಿಯ ಸುತ್ತ ಗಾಳಿ ಹರಿಯುವ ರೀತಿ ದೊಡ್ಡ ವಿಮಾನದ್ದರ ಹಾಗಿರುವುದಿಲ್ಲ, ರಡ್ಡರ್ ಬೇಗ ಸ್ಟಾಲ್ ಆಗುತ್ತದೆ. ಹಾಗಾಗಿ ಯಾವುದು ಯಾವುದಕ್ಕಿಂತ ಮೇಲು ಅನ್ನುವುದನ್ನು ನಂಬಿ, ಅಂಕಿಯನ್ನು ನಂಬಬೇಡಿ. ಮಾದರಿ ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆ, ಅಂದರೆ ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರಿ ನಕ್ಷೆ, ನೋಡಿ. ವಿಮಾನ ನಿಲ್ದಾಣದ ಸುತ್ತಲಿನ ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಹಂತ 8: ಬದಲಿಸಿದ ಮೇಲೆ ಪರೀಕ್ಷೆ

ಒಪ್ಪಿಗೆಯ ಷರತ್ತಿನಲ್ಲಿ ಏನಿದೆಯೋ ಅದೇ ಕ್ರಮ. ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಗಾಳಿಯಿಲ್ಲದ ಬೆಳಗ್ಗೆ ನಡಿಗೆ ವೇಗದ ಟ್ಯಾಕ್ಸಿ (ಅಂದರೆ ಹಾರದೆ ನೆಲದ ಮೇಲೆ ಓಡಿಸುವುದು), ಎರಡೂ ಕಡೆ ತಿರುವು, ಬ್ರೇಕು. ನಂತರ ಗಾಳಿಯಿಲ್ಲದೆಯೇ ಹಾರಾಟ. ಮೇಲೆ ಸಾಕಷ್ಟು ಎತ್ತರದಲ್ಲಿ, ಇಳಿಯುವ ವೇಗದಲ್ಲಿ, ಒಂದು ರೆಕ್ಕೆ ತಗ್ಗಿಸಿ ಎದುರು ಪೆಡಲ್ ಒತ್ತಿ ಓರೆಯಾಗಿ ಹಾರುವುದು. ಪೆಡಲ್ ತಳ ಮುಟ್ಟಿದಾಗ ದಿಕ್ಕು ಎಷ್ಟು ಡಿಗ್ರಿ ಓರೆಯಾಗಿ ನಿಲ್ಲುತ್ತದೆ ಅನ್ನುವುದೇ ನಿಮ್ಮ ಅಡ್ಡಗಾಳಿ ಸಾಮರ್ಥ್ಯದ ಮುಖ್ಯ ಅಳತೆ. 50 ನಾಟ್‌ನಲ್ಲಿ 11 ಡಿಗ್ರಿ ಓರೆ ಸಿಕ್ಕರೆ ಅದು ಹೆಚ್ಚುಕಡಿಮೆ 10 ನಾಟ್ ಅಡ್ಡಗಾಳಿಗೆ ಸಮ. ಹಳೆಯ ಬಾಲದಲ್ಲೂ ಇದೇ ಅಳತೆ ಮೊದಲೇ ತೆಗೆದಿಟ್ಟಿರಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ?

ಓರೆಯಲ್ಲಿರುವಾಗ ಪೆಡಲ್ ಮೇಲಿನ ಕಾಲು ಮೆಲ್ಲಗೆ ಸಡಿಲಿಸಿ. ರಡ್ಡರ್ ತಾನಾಗಿ ನಡುವಿಗೆ ಬರಬೇಕು. ಬರದೆ ಅಲ್ಲೇ ನಿಂತರೆ, ಇಲ್ಲವೇ ಒತ್ತಡ ಇದ್ದಕ್ಕಿದ್ದಂತೆ ಹಗುರವಾದರೆ, ಪರೀಕ್ಷೆ ಅಲ್ಲಿಗೆ ನಿಲ್ಲಿಸಿ ಇಳಿಯಿರಿ. ಸ್ಪಿನ್ ಪರೀಕ್ಷೆ ನಿಮ್ಮ ಕೆಲಸವಲ್ಲ, ಪರೀಕ್ಷಾ ಪೈಲಟ್‌ನ ಕೆಲಸ.

ಇದೆಲ್ಲ ಆದ ಮೇಲೆ ಬೋಧಕರೊಂದಿಗೆ 3-4 ನಾಟ್ ಅಡ್ಡಗಾಳಿಯಲ್ಲಿ ಇಳಿಯುವುದು, ಆಮೇಲೆ ಸ್ವಲ್ಪ ಸ್ವಲ್ಪ ಏರಿಸುವುದು. ವೇಗದ ಟ್ಯಾಕ್ಸಿಯಲ್ಲೇ ಎಲ್ಲ ಪರೀಕ್ಷೆ ಮುಗಿಸುತ್ತೇನೆ ಅನ್ನುವವರಿದ್ದಾರೆ. ಹಾರುವಷ್ಟು ವೇಗವೂ ಇಲ್ಲ, ನಿಲ್ಲುವಷ್ಟು ನಿಧಾನವೂ ಅಲ್ಲದ ಆ ಓಟದಲ್ಲೇ ಗ್ರೌಂಡ್ ಲೂಪ್ ಕಾದಿರುತ್ತದೆ. ಬೇಡ.

ಹಂತ 9: ಕಾಲಿಗೆ ಮತ್ತೆ ಪಾಠ

ಬಲವಾದ ರಡ್ಡರ್ ಬಂದ ಮೇಲೆ ಮೊದಲ ದಿನಗಳಲ್ಲಿ ಎಲ್ಲರೂ ಜಾಸ್ತಿ ಒತ್ತುತ್ತಾರೆ. ಹಳೆಯ ಅಭ್ಯಾಸದ ಒತ್ತಿಗೆ ಹೊಸ ಬಾಲ ಎರಡರಷ್ಟು ಉತ್ತರ ಕೊಟ್ಟಂತೆ ಅನ್ನಿಸುತ್ತದೆ, ಅದನ್ನು ತಡೆಯಲು ಎದುರು ಪೆಡಲ್, ಹೀಗೆ ತೂಗಾಟ ಶುರು. ಚಿಕ್ಕ ಚಿಕ್ಕ ಒತ್ತು, ಕೂಡಲೇ ವಾಪಸ್ಸು. ನೆಲ ಮುಟ್ಟಿದ ಮೇಲೆ ಕೈಯಲ್ಲಿರುವ ನಿಯಂತ್ರಣ ಕಡ್ಡಿಯನ್ನು ಗಾಳಿಯ ಕಡೆಗೆ ಮೆಲ್ಲಗೆ ಪೂರ್ತಿ ತಿರುಗಿಸುತ್ತಾ ಬನ್ನಿ, ಬಾಲ ನೆಲಕ್ಕೆ ಕೂತ ಮೇಲೆ ಹಿಂದಕ್ಕೆ ಎಳೆದು ಹಿಡಿಯಿರಿ. ಬಾಲಚಕ್ರದ ಮೇಲೆ ಭಾರ ಬಿದ್ದಷ್ಟೂ ಅದು ದಾರಿ ಹಿಡಿಯುತ್ತದೆ. ಮೂಗು ಹೋಗಿಯೇಬಿಟ್ಟಿತು ಅನ್ನಿಸಿದಾಗ, ಮುಂದೆ ರನ್‌ವೇ ಉಳಿದಿದ್ದರೆ, ಒಂದು ಕ್ಷಣ ಥ್ರಾಟಲ್ ಕೊಟ್ಟು ರಡ್ಡರ್ ಮೇಲೆ ಗಾಳಿ ಹಾಯಿಸುವುದೂ ಒಂದು ದಾರಿ. ಅದನ್ನು ಬೋಧಕರ ಪಕ್ಕದಲ್ಲಿ ಕಲಿಯಿರಿ, ಓದಿ ಅಲ್ಲ.

ಕೊನೆಗೆ, ಆಗಾಗ ಬರುವ ಇನ್ನೊಂದು ಪ್ರಶ್ನೆ: "ಮೂಗುಚಕ್ರದ ವಿಮಾನಕ್ಕೂ ಇದೇ ಲೆಕ್ಕವಾ?" ಆಕಾಶದಲ್ಲಿ ಹೌದು, ಫಿನ್-ರಡ್ಡರ್ ಲೆಕ್ಕ ಒಂದೇ. ನೆಲದಲ್ಲಿ ಅಲ್ಲ. ಅಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳ ಮುಂದಿರುವುದರಿಂದ ವಿಮಾನ ತಾನಾಗಿಯೇ ನೇರವಾಗಲು ನೋಡುತ್ತದೆ. ವೆದರ್‌ಕಾಕಿಂಗ್ ಅಲ್ಲಿಯೂ ಇದೆ, ಆದರೆ ಮೂಗುಚಕ್ರ ಹಿಡಿದುಕೊಳ್ಳುತ್ತದೆ. ಹಾಗಾಗಿ ಸೆಸ್ನಾ 172ರಲ್ಲಿ 12 ನಾಟ್ ಅಡ್ಡಗಾಳಿ ನಿಭಾಯಿಸಿದವರು ಟೈಲ್‌ವ್ಹೀಲ್‌ನ ಮೊದಲ ತಿಂಗಳಲ್ಲಿ ಅದರ ಅರ್ಧಕ್ಕಿಂತ ಮೇಲೆ ಹೋಗದಿರುವುದು ಒಳ್ಳೆಯದು, ಬಾಲ ಯಾವುದೇ ಇರಲಿ.